ಅಪ್‌ಡೇಟ್: ಅಪ್ಪನ ಕೀಪ್ಯಾಡ್ ಫೋನಲ್ಲೇ ಕನ್ನಡದಲ್ಲಿ ಕೃಷಿ ಮಾಹಿತಿ ಸಿಕ್ತು

ಹೋದ ಸಲ ಕೇಳಿದ್ನಲ್ಲ, ಅಪ್ಪನ ಹತ್ರ ಇರೋದು ಕೀಪ್ಯಾಡ್ ಫೋನು, ಪಾಂಡವಪುರದ ಕಡೆ ಒಂದೆಕ್ರೆ ಭತ್ತ, ಕನ್ನಡದಲ್ಲಿ ಮಾಹಿತಿ ಹೆಂಗೆ ತಗೊಳ್ಳೋದು ಅಂತ. ನೀವೆಲ್ಲ ಹೇಳ್ದಂಗೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಅಪ್ಪನ ಕೈಲಿ ಫೋನ್ ಮಾಡಿಸ್ದೆ. ಕರೆಗೆ ದುಡ್ಡಿಲ್ಲ, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೂ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಗರಿ ಮೇಲೆ ಕಣ್ಣಿನಾಕಾರದ ಚುಕ್ಕೆ, ಮಧ್ಯ ಬೂದಿ ಬಣ್ಣ ಅಂತ ಅಪ್ಪ ಹೇಳಿದ್ ತಕ್ಷಣ ಅದು ಬೆಂಕಿ ರೋಗ ಅಂದ್ರು, ಸದ್ಯಕ್ಕೆ ಯೂರಿಯಾ ಹಾಕ್ಬೇಡಿ, ಟ್ರೈಸೈಕ್ಲಜೋಲ್ ಲೀಟರ್ ನೀರಿಗೆ 0.6 ಗ್ರಾಂ ಬೆರೆಸಿ ಹೊಡೀರಿ ಅಂತ ಹೇಳಿದ್ರು. ಯಾವಾಗ್ಲೂ ಅಂಗಡಿಯೋರು ಕೊಟ್ಟಿದ್ದನ್ನೇ ತರ್ತಿದ್ದ ಅಪ್ಪ ಈ ಸಲ ಔಷಧಿ ಹೆಸರು ಹೇಳಿ ಕೇಳಿ ತಂದ್ರು, ನಂಗೆ ಅದೇ ದೊಡ್ಡ ಖುಷಿ.

ಮಳೆ ವಿಷ್ಯ ತಿಳ್ಕೊಳಕ್ಕೆ ನನ್ನ ಫೋನಲ್ಲಿ ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್ ಹಾಕೊಂಡಿದೀನಿ, ಮಂಗಳವಾರ ಶುಕ್ರವಾರ ಮಂಡ್ಯ ಜಿಲ್ಲೆ ಸಲಹೆ ಬರುತ್ತೆ, ನೋಡಿ ಅಪ್ಪಂಗೆ ಹೇಳ್ತೀನಿ. ಇದ್ರ ಮುನ್ಸೂಚನೆ ಊರೂರಿನ ಲೆಕ್ಕದಲ್ಲಿ ಅಲ್ಲ, ಪಕ್ಕದೂರಿಗೆ ಹುಯ್ದು ನಮ್ಗೆ ಹನಿನೂ ಬೀಳ್ದೆ ಇರ್ಬೋದು, ಆದ್ರೂ ಔಷಧಿ ಹೊಡೆಯೋ ದಿನ ಗೊತ್ತು ಮಾಡ್ಕೊಳಕ್ಕೆ ಸಾಕು. ಕೆಆರ್‌ಎಸ್ ನಾಲೆಗೆ ನೀರು ಯಾವಾಗ ಬಿಡ್ತಾರೆ ಅನ್ನೋದು ಫೋನಿಗೇ ಬರೋ ದಾರಿ ಯಾರಿಗಾದ್ರೂ ಗೊತ್ತಿದ್ರೆ ದಯವಿಟ್ಟು ತಿಳ್ಸಿ.