ಪದಚರ್ಚೆ: ಬ್ಯಾಸ್ಕೆಟ್‌ಬಾಲ್ ಪದಗಳು ಬೇಕು – ಗೋಡೆ ಬರಹಕ್ಕೆ, ಶನಿವಾರದೊಳಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಅಂಕಣದ ಪಕ್ಕದ ಗೋಡೆಗೆ ಹೊಸಬರಿಗಾಗಿ ಆಟದ ನಿಯಮ ಬರೆಸಬೇಕಾಗಿದೆ. ಬರೆಯುವವರು ಶನಿವಾರ ಬೆಳಿಗ್ಗೆ ಬರುತ್ತಾರೆ. ‘ತಂಡಕ್ಕೆ 5 ಆಟಗಾರರು, 10 ನಿಮಿಷಗಳ 4 ಅವಧಿ’ ಎಂಬಲ್ಲಿಯವರೆಗೆ ತೊಂದರೆಯಿಲ್ಲ. ಡ್ರಿಬಲ್ (ಚೆಂಡನ್ನು ನೆಲಕ್ಕೆ ಬಡಿಯುತ್ತ ಸಾಗುವುದು), ಟ್ರಾವೆಲಿಂಗ್ (ಹಾಗೆ ಬಡಿಯದೆ ಚೆಂಡು ಹಿಡಿದು ಓಡುವ ತಪ್ಪು), ಪಿವಟ್ ಕಾಲು (ಒಂದೇ ಕಡೆ ಇಟ್ಟು ಸುತ್ತ ತಿರುಗುವ ಕಾಲು), ರಿಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿಯುವುದು), ಫ್ರೀ ಥ್ರೋ (ಎದುರಾಳಿಯ ತಪ್ಪಿಗೆ ಸಿಗುವ, ಯಾರೂ ಅಡ್ಡ ಬರದ ಎಸೆತ) ಇವಕ್ಕೆ ಏನು ಬರೆಸಲಿ? ಯಂತ್ರಾನುವಾದ ‘ಪ್ರಯಾಣ’, ‘ಉಚಿತ ಎಸೆತ’ ಎಂದು ಕೊಟ್ಟಿತು. ‘ಅಂಕಣದಲ್ಲಿ ಪ್ರಯಾಣ ನಿಷೇಧಿಸಲಾಗಿದೆ’ ಎಂದು ಬರೆಸಿದರೆ ಮಕ್ಕಳು ಮನೆಗೆ ಹೋಗುವುದು ಹೇಗೆ?

*

ಮೊದಲು ಆಟದ ಹೆಸರನ್ನು ಸರಿಪಡಿಸಿ: ಬುಟ್ಟಿಚೆಂಡು. ಡ್ರಿಬಲ್‌ಗೆ ‘ಪುಟಿಸು’ ಇದ್ದೇ ಇದೆ, ಪುಟಚೆಂಡನ್ನು ಮರೆತಿರಾ? ಪಿವಟ್‌ಗೆ ಊರುಗಾಲು, ರಿಬೌಂಡ್‌ಗೆ ಮರುಪುಟಿತ, ಟ್ರಾವೆಲಿಂಗ್‌ಗೆ ಅಡಿತಪ್ಪು. ಫ್ರೀ ಥ್ರೋಗೆ ‘ಮುಕ್ತ ಎಸೆತ’ ಎಂದು ಬರೆಸುವುದೂ ಬೇಡ, ಅದು ಸಂಸ್ಕೃತ. ‘ತಡೆಯಿರದ ಎಸೆತ’ ಎನ್ನಿ.

*

‘ಪುಟಿಸು’ ಒಂದನ್ನು ಒಪ್ಪಿದೆ. ಉಳಿದದ್ದು ನಿಘಂಟಿನೊಳಗೆ ಆಡಿದ ಆಟ.

ಊರುಗಾಲು ಎಂದು ಓದಿದವರಿಗೆ ಊರುಗೋಲು ನೆನಪಾಗುತ್ತದೆ. ‘ಊರಿದ ಕಾಲು’ ಎಂದರೆ ಸಾಲದೇ? ಸಿಕ್ಕಿದ್ದಕ್ಕೆಲ್ಲ ಸಮಾಸ ಮಾಡುವ ಹಟ ನನಗೆ ತಿಳಿಯದು. ಮರುಪುಟಿತ ಅರ್ಥದಲ್ಲೇ ತಪ್ಪು: ಚೆಂಡು ಹಲಗೆಗೆ ಬಡಿದು ಮರಳಿದ ಮಾತ್ರಕ್ಕೆ ಯಾರ ಲೆಕ್ಕಕ್ಕೂ ರಿಬೌಂಡ್ ಸೇರುವುದಿಲ್ಲ, ಗುರಿ ತಪ್ಪಿದ ಆ ಚೆಂಡನ್ನು ಯಾರಾದರೂ ವಶಪಡಿಸಿಕೊಳ್ಳಬೇಕು. ಅಡಿತಪ್ಪು ಎಂದರೆ ಎಡವಿದ ಹಾಗೆ ಕೇಳುತ್ತದೆ.

ಬುಟ್ಟಿಯ ಮಾತಿಗೆ ಬರುತ್ತೇನೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ 10 ಅಡಿ ಎತ್ತರಕ್ಕೆ ಹೊಡೆಸಿದ್ದು ಪೀಚ್ ಹಣ್ಣಿನ ಬುಟ್ಟಿಗಳನ್ನು. ಅವಕ್ಕೆ ತಳವಿತ್ತು, ಚೆಂಡು ಬಿದ್ದರೆ ಏಣಿ ಹತ್ತಿ ತೆಗೆಯಬೇಕಿತ್ತು. ಎತ್ತರ ಇಂದಿಗೂ ಅಷ್ಟೇ, 3.05 ಮೀಟರ್. ಬುಟ್ಟಿ ಹೋಯಿತು, 45 ಸೆಂಟಿಮೀಟರ್ ಅಗಲದ ಕಬ್ಬಿಣದ ಬಳೆ ಉಳಿಯಿತು. ಅದನ್ನು ‘ಬಳೆ’ ಎಂದೇ ಬರೆಸಿ, ಚೆನ್ನಾಗಿರುತ್ತದೆ.

ಇನ್ನೊಂದು: ನೈಸ್ಮಿತ್‌ನ ಮೊದಲ 13 ನಿಯಮಗಳಲ್ಲಿ ಪುಟಿಸಿಕೊಂಡು ಸಾಗುವ ಮಾತೇ ಇರಲಿಲ್ಲ. ಚೆಂಡು ಹಿಡಿದು ಓಡುವಂತಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕು ಎಂದಿತ್ತು. ಎಂದರೆ ಡ್ರಿಬಲ್‌ಗಿಂತ ಟ್ರಾವೆಲಿಂಗ್ ಹಿರಿಯದು! ಗೋಡೆಗೆ ನಾಮಪದವೇ ಏಕಾಗಬೇಕು? ‘ಚೆಂಡು ಹಿಡಿದು ಓಡಬಾರದು, ಪುಟಿಸುತ್ತ ಸಾಗಬೇಕು. ನಿಂತ ಮೇಲೆ, ಊರಿದ ಕಾಲು ಕದಲಿಸದೆ ತಿರುಗಬಹುದು.’ ತಪ್ಪಿನ ಹೆಸರು ಟ್ರಾವೆಲಿಂಗ್ ಎಂದೇ ಇರಲಿ, ಪಂದ್ಯದಲ್ಲಿ ಮಕ್ಕಳ ಕಿವಿಗೆ ಬೀಳುವುದು ಅದೇ.

*

ಹಾಗಿದ್ದರೆ ಕ್ರಿಕೆಟ್‌ನ ಬ್ಯಾಟ್ಸ್‌ಮನ್‌ಗೆ ದಾಂಡಿಗ, ವಿಕೆಟ್‌ಗೆ ಹುದ್ದರಿ ಎಂದು ಬರೆದ ಪತ್ರಿಕೆಯವರು ದಡ್ಡರೇ? ಕಬಡ್ಡಿ ನಮ್ಮ ಮಣ್ಣಿನದು, ಅದರಲ್ಲೂ ‘ರೈಡರ್’! ಶರಣಾಗತಿಗೂ ಒಂದು ಮಿತಿ ಬೇಡವೇ?

*

ಮೇಷ್ಟರೇ, ದಾಂಡಿಗ ನಿಂತ, ಹುದ್ದರಿಯನ್ನು ಈಗಿನ ಹುಡುಗರನ್ನು ಕೇಳಿ ನೋಡಿ. ಅಂದ ಹಾಗೆ ಆ ದಾಂಡು ಸಂಸ್ಕೃತದ ದಂಡದ ಮೊಮ್ಮಗನೇ. ‘ಉಚಿತ’ಕ್ಕೂ ಅಲ್ಲಿ ‘ತಕ್ಕದ್ದು’ ಎಂಬ ಅರ್ಥ. ಬಿಟ್ಟಿ ಎಂಬ ಅರ್ಥಕ್ಕೆ ಎಳೆದು ತಂದವರು ನಾವು. ಮುಕ್ತವನ್ನು ಮಾತ್ರ ಬಾಗಿಲಲ್ಲಿ ತಡೆಯುವುದೇಕೆ?

*

ಬರೆಯುವವರು ಆಗಲೇ ಬಂದಿದ್ದಾರೆ. ಪುಟಿಸು, ಬಳೆ, ಊರಿದ ಕಾಲು ಗೋಡೆ ಸೇರಿದವು. ಟ್ರಾವೆಲಿಂಗ್, ರಿಬೌಂಡ್ ಹಾಗೆಯೇ ಉಳಿದವು. ‘ಮುಕ್ತ’ದ ತಕಾರ ಒತ್ತು ಬಿಟ್ಟುಹೋಗಿ ‘ಮುಕ ಎಸೆತ’ ಎಂದಾಗಿದೆ. ಬಣ್ಣ ಒಣಗುವುದರೊಳಗೆ ತಿದ್ದಿಸಲು ಓಡುತ್ತಿದ್ದೇನೆ, ಉಳಿದದ್ದು ಸಂಜೆಗೆ.