ಬೆಳಿಗ್ಗೆ ಅಮ್ಮನ ಕೈ ಮಡಚಕ್ಕೆ ಆಗಲ್ಲ, ಯಾರಿಗೆ ತೋರಿಸೋದು?

ಸಕಲೇಶಪುರ ಕಡೆಯಿಂದ ಕೇಳ್ತಿದ್ದೀನಿ. ಅಮ್ಮನಿಗೆ 52 ವರ್ಷ. ಮಳೆಗಾಲ ಮುಗಿದಾಗಿನಿಂದ ಎರಡೂ ಕೈ ಬೆರಳಿನ ಗಿಣ್ಣು, ಮಣಿಕಟ್ಟು ಊದಿಕೊಂಡಿವೆ. ಬೆಳಿಗ್ಗೆ ರೊಟ್ಟಿ ತಟ್ಟಕ್ಕೆ ಆಗಲ್ಲ, ಹತ್ತು ಗಂಟೆ ಮೇಲೆ ಕೈ ಸ್ವಲ್ಪ ಸಡಿಲ ಆಗುತ್ತೆ. ಒಂದು ಕಡೆ ತೋರಿಸಿದ್ವಿ. ಎಕ್ಸ್‌ರೇಲಿ ಏನೂ ಇಲ್ಲ, ಆರ್‌ಎ ಫ್ಯಾಕ್ಟರ್ (ಕೀಲುವಾತಕ್ಕೆ ಮಾಡೋ ರಕ್ತ ಪರೀಕ್ಷೆ) ನೆಗೆಟಿವ್, ವಯಸ್ಸಿನ ಸವೆತ ಅಂತ ಹೇಳಿ ನೋವಿನ ಮಾತ್ರೆ ಕೊಟ್ರು. ಇಎಸ್‌ಆರ್ (ಮೈಯಲ್ಲಿ ಉರಿಯೂತ ಇದೆಯಾ ಅಂತ ನೋಡೋ ರಕ್ತ ಪರೀಕ್ಷೆ) ಮಾತ್ರ ಜಾಸ್ತಿ ಇದೆ. ಅಕ್ಕಪಕ್ಕದವರು ವಾತದ ಪುಡಿ ತರಿಸಿ ಅಂತಿದಾರೆ. ಅನುಭವ ಇದ್ದೋರು ದಯವಿಟ್ಟು ತಿಳಿಸಿ.

ಮೂಡಿಗೆರೆಯಿಂದ:
ನೀವು ಬರೆದಿರೋದು ಓದಿದ್ರೆ ನಂದೇ ಕಥೆ ಅನ್ನಿಸ್ತು. ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ, ಅಂದ್ರೆ ಮೈಯ ರೋಗನಿರೋಧಕ ಶಕ್ತಿಯೇ ಕೀಲಿಗೆ ತಿರುಗಿಬಿದ್ದು ಉರಿಯೂತ ತರೋ ಕಾಯಿಲೆ. ವರ್ಷಗಳಿಂದ ಮಾತ್ರೆ ತಗೋತಿದ್ದೀನಿ, ತೋಟಕ್ಕೂ ಹೋಗ್ತೀನಿ. ಅಮ್ಮನಿಗೂ ಅದೇ ಅಂತ ನಾನು ಹೇಳಕ್ಕೆ ಆಗಲ್ಲ. ಆದ್ರೆ ಸವೆತ ಅಂತ ಸುಮ್ಮನಾಗೋ ಲಕ್ಷಣ ಇದಲ್ಲ. ಸವೆತದಲ್ಲೂ ಬೆಳಿಗ್ಗೆ ಕೀಲು ಹಿಡ್ಕೊಳ್ಳುತ್ತೆ, ಆದ್ರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತೆ, ಆಮೇಲೆ ಕೆಲಸ ಮಾಡಿದಷ್ಟೂ ನೋವು ಜಾಸ್ತಿ. ಉರಿಯೂತದ ಕಾಯಿಲೆಯಲ್ಲಿ ಒಂದು ಗಂಟೆ ದಾಟಿದ್ರೂ ಬಿಗಿ ಹೋಗಲ್ಲ, ಕೈ ಆಡಿಸ್ತಾ ಆಡಿಸ್ತಾ ಸಡಿಲ ಆಗುತ್ತೆ. ಇನ್ನೊಂದು, ಎಲ್ಲಿ ಊದಿದೆ ಅಂತ ನೋಡಿ. ಉಗುರಿನ ಪಕ್ಕದ ಗಿಣ್ಣು ಗಟ್ಟಿಯಾಗಿ ಗಂಟು ಕಟ್ಟಿದ್ರೆ ಹೆಚ್ಚಾಗಿ ಸವೆತ. ಅಂಗೈ ಸೇರೋ ಕಡೆಯ ಗಿಣ್ಣು, ನಡು ಗಿಣ್ಣು, ಮಣಿಕಟ್ಟು, ಅದೂ ಎರಡೂ ಕೈಲಿ ಮೆತ್ತಗೆ ಊದಿದ್ರೆ ಉರಿಯೂತದ ಕಾಯಿಲೆ ಇರಬಹುದಾ ಅಂತ ಯೋಚಿಸಬೇಕು.

ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂತು ಅಂತ ಕಾಯಿಲೆ ಇಲ್ಲ ಅಂತಲ್ಲ. ಈ ಕಾಯಿಲೆ ಇರೋ ಎಷ್ಟೋ ಜನಕ್ಕೆ ನೆಗೆಟಿವ್ ಬರುತ್ತೆ, ಏನೂ ಇಲ್ಲದವರಿಗೂ ಪಾಸಿಟಿವ್ ಬರೋದಿದೆ. ಆಂಟಿ ಸಿಸಿಪಿ, ಸಿಆರ್‌ಪಿ ಅನ್ನೋ ರಕ್ತ ಪರೀಕ್ಷೆ ಮಾಡಿಸಬೇಕಾ ಅಂತ ಡಾಕ್ಟರನ್ನ ಕೇಳಿ. ಶುರುವಿನಲ್ಲಿ ಎಕ್ಸ್‌ರೇ ಕೂಡ ಚೆನ್ನಾಗೇ ಕಾಣುತ್ತೆ. ಅದರಲ್ಲಿ ಮೂಳೆ ತಿಂದಿರೋದು ಕಾಣೋವರೆಗೂ ಕಾಯೋದು ತಪ್ಪು, ಯಾಕಂದ್ರೆ ಹಾಳಾದ ಕೀಲು ವಾಪಸ್ ಬರಲ್ಲ.

ತೋರಿಸಬೇಕಾದ್ದು ರುಮಟಾಲಜಿಸ್ಟ್‌ಗೆ, ಅಂದ್ರೆ ಇಂಥ ಕೀಲು ಉರಿಯೂತದ ಕಾಯಿಲೆ ನೋಡೋ ತಜ್ಞರಿಗೆ. ಮೂಳೆ ಡಾಕ್ಟ್ರು ಬೇರೆ, ಇವರು ಬೇರೆ. ಮೊದಲು ಹಾಸನದ ಹಿಮ್ಸ್‌ನಲ್ಲಿ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಮೆಡಿಸಿನ್ ವಿಭಾಗಕ್ಕೆ ಹೋಗಿ, ಅಲ್ಲಿಂದ ಬೇಕಾದ್ರೆ ಬೆಂಗಳೂರಿಗೋ ಮಂಗಳೂರಿಗೋ ಬರೆಸಿಕೊಳ್ಳಿ.

ಅರಸೀಕೆರೆಯಿಂದ:
ಟೊಮೇಟೊ, ಬದನೆಕಾಯಿ, ಹುಣಸೆಹುಳಿ ಬಿಟ್ರೆ ಒಂದು ವಾರದಲ್ಲಿ ಸರಿಹೋಗುತ್ತೆ. ನಮ್ಮತ್ತೆಗೆ ಹಾಗೇ ಆಗಿದ್ದು.

ಹಾಸನದಿಂದ, ಮೆಡಿಕಲ್ ಸ್ಟೋರ್ ಇದೆ ನಂದು:
ಹುಣಸೆಹುಳಿ ಬಿಡೋದು ಬಿಡದೇ ಇರೋದು ನಿಮಗೆ ಬಿಟ್ಟಿದ್ದು, ಆದ್ರೆ ಅದರಿಂದ ಇಂಥ ಕಾಯಿಲೆ ವಾರದಲ್ಲಿ ವಾಸಿಯಾಗಲ್ಲ. ಪುಡಿ ಮಾತ್ರ ಬೇಡ. ಹೆಸರಿಲ್ಲ, ಪೊಟ್ಟಣದ ಮೇಲೆ ಏನೂ ಬರೆದಿಲ್ಲ, ತಗೊಂಡ ಎರಡೇ ದಿನಕ್ಕೆ ನೋವು ಮಾಯ ಅಂದ್ರೆ ಅದರಲ್ಲಿ ಸ್ಟೆರಾಯ್ಡ್ ಬೆರೆಸಿರಬಹುದು. ತಿಂಗಳುಗಟ್ಟಲೆ ತಿಂದ್ರೆ ಮುಖ ಊದುತ್ತೆ, ಸಕ್ಕರೆ ಏರುತ್ತೆ, ಮೂಳೆ ಟೊಳ್ಳಾಗುತ್ತೆ. ಈಗಾಗಲೇ ಬಹಳ ದಿನದಿಂದ ತಗೋತಿದ್ರೆ ದಿಢೀರ್ ಅಂತ ನಿಲ್ಲಿಸೋದೂ ಅಪಾಯ, ಪೊಟ್ಟಣ ಸಮೇತ ಡಾಕ್ಟರಿಗೆ ತೋರಿಸಿ. ನೋವಿನ ಮಾತ್ರೆನೂ ದಿನಾ ನುಂಗ್ತಾ ಇದ್ರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಪೆಟ್ಟು.

ಮುಂದೆ ಡಾಕ್ಟ್ರು ರುಮಟಾಯ್ಡ್ ಅಂತ ಹೇಳಿ ಮೆಥೋಟ್ರೆಕ್ಸೇಟ್ ಅನ್ನೋ ಮಾತ್ರೆ ಬರೆದುಕೊಟ್ರೆ ಚೀಟಿ ಎರಡು ಸಲ ಓದಿ. ಈ ಕಾಯಿಲೆಗೆ ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿದ್ರೆ ಜೀವಕ್ಕೇ ಕುತ್ತು. ಕ್ಯಾಲೆಂಡರಲ್ಲಿ ಆ ದಿನಕ್ಕೆ ಗುರುತು ಹಾಕಿ. ಜೊತೆಗೆ ಫೋಲಿಕ್ ಆಸಿಡ್ ಕೊಡ್ತಾರೆ, ಆಗಾಗ ರಕ್ತ, ಲಿವರ್ ಪರೀಕ್ಷೆ ಮಾಡಿಸ್ತಾರೆ. ದುಬಾರಿ ಔಷಧಿ ಏನಲ್ಲ. ಪರಿಣಾಮ ಗೊತ್ತಾಗಕ್ಕೆ ಆರರಿಂದ ಹನ್ನೆರಡು ವಾರ ಬೇಕು, ಅಷ್ಟರೊಳಗೆ ಕೆಲಸ ಮಾಡ್ಲಿಲ್ಲ ಅಂತ ಬಿಡೋರೇ ಜಾಸ್ತಿ.

ಕೊಪ್ಪದಿಂದ:
ಮನೆಯಲ್ಲಿ ಬೇರೆ ಯಾರಿಗಾದ್ರೂ ಇದೆಯಾ ಅಂತ ಡಾಕ್ಟ್ರು ಕೇಳಿದ್ರೆ ಮುಚ್ಚಿಡಬೇಡಿ. ನಮ್ಮ ಮಲೆನಾಡಲ್ಲಿ ಹಂದಿಗೋಡು ಕಾಯಿಲೆ ಗೊತ್ತಿರೋದೇ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಲ್ಲಿ ಮೊದಲು ಗಮನಕ್ಕೆ ಬಂತು, ನಮ್ಮ ಜಿಲ್ಲೆಯ ಕೆಲವು ಊರಲ್ಲೂ ಇದೆ. ಗದ್ದೆ ಏಡಿ ತಿಂದಿದ್ದಕ್ಕೆ, ಕ್ರಿಮಿನಾಶಕಕ್ಕೆ ಅಂತೆಲ್ಲ ಆಗ ಅನುಮಾನ ಇತ್ತು, ಆಮೇಲೆ ವಂಶದಲ್ಲಿ ಹರಿದು ಬರೋದು ಅಂತ ಗೊತ್ತಾಯ್ತು. ಅದು ಮುಖ್ಯವಾಗಿ ಸೊಂಟದ ಕೀಲು, ಮಂಡಿಗೆ ಬರೋದು, ಅಮ್ಮನದು ಅದಲ್ಲ ಅನ್ಸುತ್ತೆ. ಆದ್ರೂ ಮನೆತನದ ವಿಷಯ ಹೇಳಿದ್ರೆ ಡಾಕ್ಟರಿಗೆ ದಾರಿ ಸಿಗುತ್ತೆ. ಹಾಗೇ ಗಿಣ್ಣು ಊದೋ ಮೊದಲು ಜ್ವರ ಬಂದಿತ್ತಾ ನೆನಪು ಮಾಡ್ಕೊಳ್ಳಿ. ಚಿಕುನ್‌ಗುನ್ಯಾ ಆದ್ಮೇಲೆ ಥೇಟ್ ಹೀಗೇ ಕೈ ಹಿಡ್ಕೊಂಡು ತಿಂಗಳುಗಟ್ಟಲೆ ನರಳಿದೋರನ್ನ ನೋಡಿದ್ದೀನಿ.

ಕೇಳಿದವರು:
ಜ್ವರ ಬಂದಿರಲಿಲ್ಲ. ಪುಡಿ ಶುರು ಮಾಡಿಲ್ಲ, ಮಾಡೋದೂ ಇಲ್ಲ. ಸೋಮವಾರ ಹಾಸನಕ್ಕೆ ಹೋಗ್ತೀವಿ. ಆದ್ರೆ ನಾವು ಹೋಗಿ ಸೇರೋ ಹೊತ್ತಿಗೆ ಅಮ್ಮನ ಕೈ ಚೆನ್ನಾಗೇ ಇರುತ್ತೆ, ಡಾಕ್ಟ್ರು ನಂಬ್ತಾರಾ?

ಮೂಡಿಗೆರೆಯಿಂದ:
ಅಮ್ಮ ಎದ್ದ ತಕ್ಷಣ ಮುಷ್ಟಿ ಕಟ್ಟೋಕೆ ಹೇಳಿ ಮೊಬೈಲಲ್ಲಿ ವಿಡಿಯೋ ಮಾಡ್ಕೊಳ್ಳಿ, ಎರಡೂ ಕೈ ಕಾಣ್ಲಿ. ಎಷ್ಟು ಗಂಟೆಗೆ ಎದ್ರು, ಎಷ್ಟು ಗಂಟೆಗೆ ಸಡಿಲ ಆಯ್ತು ಅಂತ ಅಲ್ಲೀವರೆಗೂ ದಿನಾ ಬರೆದಿಡಿ. ಹಳೇ ರಿಪೋರ್ಟು, ತಗೊಂಡಿರೋ ಮಾತ್ರೆಯ ಖಾಲಿ ಸ್ಟ್ರಿಪ್ ಎಲ್ಲ ಒಂದೇ ಚೀಲದಲ್ಲಿ ಹಾಕ್ಕೊಳ್ಳಿ. ಬಳೆ, ಉಂಗುರ ಈಗ್ಲೇ ತೆಗೆಸಿಬಿಡಿ, ಊತ ಏರಿದ್ರೆ ಕತ್ತರಿಸಿ ತೆಗೀಬೇಕಾಗುತ್ತೆ.