ಪದಚರ್ಚೆ: ಲೊಕೇಲ್, ಡೀಫಾಲ್ಟ್ – ನಾಳೆ ಸಂಜೆಯೊಳಗೆ ಬೇಕು

ಮಡಿಕೇರಿಯಿಂದ:
ನಮಸ್ಕಾರ. ತಂತ್ರಾಂಶದ ಪ್ಯಾಕೇಜ್ ಕಟ್ಟುವ ಉಪಕರಣವೊಂದರ ಸಂದೇಶಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಎಚ್ಚರಿಕೆಯಲ್ಲಿ ಸಿಕ್ಕಿಕೊಂಡೆ. ಲೊಕೇಲ್ (ಭಾಷೆ, ದೇಶಗಳಿಗೆ ತಕ್ಕ ಹೊಂದಿಕೆಗಳ ಗುಂಪು) ಯಾವುದೆಂದು ಬಳಕೆದಾರ ಹೇಳದಿದ್ದರೆ ಡೀಫಾಲ್ಟ್ ಆದ, ಎಂದರೆ ತಾನಾಗಿಯೇ ಅನ್ವಯವಾಗುವ, ‘ಸಿ’ ಎಂಬ ಲೊಕೇಲ್ ಬಳಕೆಯಾಗುತ್ತದೆ, ಕನ್ನಡ ಹೆಸರಿನ ಕಡತ ಸಿಕ್ಕಿದರೆ ಕೆಲಸ ನಿಲ್ಲಬಹುದು ಎಂಬುದು ತಾತ್ಪರ್ಯ. ಹಳೆಯ ಅನುವಾದದಲ್ಲಿ ‘ಪೂರ್ವನಿಯೋಜಿತ ಸ್ಥಳೀಯತೆ’ ಎಂದಿದೆ. ಓದಿ ನನಗೇ ಏನೂ ತಿಳಿಯಲಿಲ್ಲ.

ಸೋಮವಾರಪೇಟೆಯಿಂದ:
ಪೂರ್ವನಿಯೋಜಿತವನ್ನು ಮೊದಲು ಕಿತ್ತು ಹಾಕಿ. ಪತ್ರಿಕೆಗಳಲ್ಲಿ ಅದು ಕೊಲೆ, ಗಲಭೆಗಳಿಗೆ ಅಂಟಿಕೊಂಡಿರುವ ಮಾತು. ಲೊಕೇಲ್‌ಗೆ ‘ನಾಡುನುಡಿ’ ಎನ್ನಿ. ಭಾರತದ ಕನ್ನಡಕ್ಕಿರುವ ಲೊಕೇಲ್ ಹೆಸರು ‘ಕೆಎನ್_ಐಎನ್’ ಎಂಬುದರಲ್ಲಿ ಮೊದಲರ್ಧ ನುಡಿ, ಉಳಿದದ್ದು ನಾಡು. ಇನ್ನೇನು ಬೇಕು?

ವಿರಾಜಪೇಟೆಯಿಂದ:
ಕೊಡಗಿನಲ್ಲಿ ಕುಳಿತು ಇಡೀ ಭಾರತವನ್ನು ನಾಡು ಎನ್ನುತ್ತೀರಾ? ಇಲ್ಲಿ ನಾಡು ಎಂದರೆ ಕೆಲವು ಊರುಗಳ ಕೂಟ. ನಾಲ್ಕುನಾಡು ಅರಮನೆಯ ಹೆಸರನ್ನೇ ನೋಡಿ. ಅದಿರಲಿ, ‘ಸಿ’ಗೆ ನಾಡೂ ಇಲ್ಲ, ನುಡಿಯೂ ಇಲ್ಲ. ಅದನ್ನು ಯಾವ ನಾಡುನುಡಿ ಎನ್ನುವುದು? ದಿನಾಂಕ ಬರೆಯುವ ರೀತಿ, ಅಕಾರಾದಿ ಕ್ರಮ, ಅಕ್ಷರಗಳ ಎನ್‌ಕೋಡಿಂಗ್ (ಗಣಕ ಅವನ್ನು ಸಂಖ್ಯೆಗಳಾಗಿ ಇಡುವ ಕ್ರಮ) ಎಲ್ಲವೂ ಲೊಕೇಲ್‌ಗೆ ಸೇರಿದ್ದು. ಲೊಕೇಲ್ ಎಂದೇ ಬಿಡಿ.

ಡೀಫಾಲ್ಟ್ ಮಾತ್ರ ಬೇಡ. ನಮ್ಮ ಕಾಫಿ ಬೆಳೆಗಾರರಿಗೆ ಅದು ಬ್ಯಾಂಕಿನ ನೋಟಿಸಿನ ಪದ, ಸಾಲದ ಸುಸ್ತಿ.

ಇನ್ನೊಂದು ಮಾತು. ಇಂಗ್ಲಿಷಿಗೆಂದು ಮಾಡಿದ ಹಳೆಯ ಎನ್‌ಕೋಡಿಂಗ್ ಆದ ಆಸ್ಕಿಯಲ್ಲಿರುವುದು 128 ಸಂಕೇತಗಳಷ್ಟೇ, ಕನ್ನಡ ಅದರಲ್ಲಿಲ್ಲ. ಎಲ್ಲ ಲಿಪಿಗಳಿಗೂ ಒಗ್ಗುವ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ನಮ್ಮ ‘ಕ’ ಒಂದಕ್ಕೇ ಮೂರು ಬೈಟು. ‘ಸಿ’ ಎಂದೊಡನೆ ಆಸ್ಕಿ ಎಂದುಕೊಳ್ಳುವ ಉಪಕರಣ ಅಲ್ಲಿಯೇ ಎಡವುತ್ತದೆ. ನಮ್ಮ ಗಣಕದಲ್ಲಿ ಸಲೀಸಾಗಿ ಕಟ್ಟಿದ ಪ್ಯಾಕೇಜು ಲೊಕೇಲ್ ಹೊಂದಿಸದ, ಪ್ಯಾಕೇಜು ಕಟ್ಟಲೆಂದೇ ಇರುವ ಬರಿದಾದ ಬಿಲ್ಡ್ ಯಂತ್ರದಲ್ಲಿ ಮುಗ್ಗರಿಸುವುದು ಹೀಗೆ. ‘ಸಿ.ಯುಟಿಎಫ್-8 ಹೊಂದಿಸಿ’ ಎಂಬ ಸಲಹೆಯನ್ನು ಸಂದೇಶದಲ್ಲಿ ಸೇರಿಸುವಂತೆ ಉಪಕರಣವನ್ನು ರೂಪಿಸಿದ ಮೂಲದವರಿಗೆ ಬರೆಯಿರಿ. ಪದಕ್ಕಿಂತ ಅದು ಮುಖ್ಯ.

ಸೋಮವಾರಪೇಟೆಯಿಂದ:
‘ಸುಸ್ತಿ’ ಫಾರಸಿಯದು. ನಿಮಗೆ ಸಿಕ್ಕಿದ್ದೂ ಸಾಲದ ಪದವೇ! ಹೀಗೆ ಒಂದೊಂದೇ ಬಿಟ್ಟುಕೊಡುತ್ತಾ ಹೋದರೆ ಕೊನೆಗೆ ವಿಭಕ್ತಿ ಪ್ರತ್ಯಯಗಳಷ್ಟೇ ಕನ್ನಡದವಾಗಿ ಉಳಿಯುತ್ತವೆ.

ವಿರಾಜಪೇಟೆಯಿಂದ:
ಪ್ರತ್ಯಯ ಉಳಿದರೆ ಭಾಷೆಯೂ ಉಳಿದಂತೆ. ‘ಕಚೇರಿ’ಯನ್ನು, ‘ಅರ್ಜಿ’ಯನ್ನು ನೀವು ಯಾವಾಗ ಹಿಂದಿರುಗಿಸುತ್ತೀರಿ?

ಸೋಮವಾರಪೇಟೆಯಿಂದ:
ಅವು ಬಂದು ತಲೆಮಾರುಗಳಾದವು. ವಾದಕ್ಕೆ ಸಲ್ಲವು.

ಮಡಿಕೇರಿಯಿಂದ:
ಇಬ್ಬರಿಗೂ ವಂದನೆ. ಡೀಫಾಲ್ಟ್‌ಗೆ ನಾಮಪದ ಹುಡುಕುವುದನ್ನೇ ಬಿಟ್ಟೆ. ಕಳುಹಿಸಿದ್ದು ಹೀಗೆ: “ಲೊಕೇಲ್ ಹೊಂದಿಸಿಲ್ಲ. ಬೇರೆ ಏನನ್ನೂ ಹೇಳದಿರುವುದರಿಂದ ‘ಸಿ’ಯನ್ನು ಬಳಸಲಾಗುತ್ತಿದೆ.” ಸಲಹೆಯ ವಿಷಯವಾಗಿ ಮೂಲದವರಿಗೆ ಬೇರೆಯಾಗಿ ಬರೆದಿದ್ದೇನೆ.